ವಿಮೆ ಇಲ್ಲದ ಮನೆಗೆ ದೊಡ್ಡ ಕಾಯಿಲೆ ಬಂದರೆ: ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ. ಈ ಕಡೆ ಯಾರಿಗಾದರೂ ಎದೆನೋವು ಅಂದರೆ ಗಾಡಿ ತಿರುಗುವುದು ಮಂಗಳೂರಿನ ಕಡೆಗೆ. ಅಜ್ಜನ ಕಾಲದಿಂದ ಹಾಗೆಯೇ. ಹತ್ತಿರ, ಭಾಷೆ ಗೊತ್ತು, ಊಟ ತಂದುಕೊಡಲು ನೆಂಟರಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತು ತಲೆಯಲ್ಲಿರಲಿ. ಗಡಿಯ ತಲಪಾಡಿ ದಾಟಿದರೆ ಕೇರಳದ ಹೆಚ್ಚಿನ ಚಿಕಿತ್ಸಾ ಯೋಜನೆಗಳು ಹಿಂದೆಯೇ ಉಳಿಯುತ್ತವೆ. ಆಚೆ ಬದಿಯ ಆರೋಗ್ಯ ಕರ್ನಾಟಕ ಯೋಜನೆಗೆ ಕರ್ನಾಟಕದ ರೇಶನ್ ಕಾರ್ಡ್ ಬೇಕು, ಅದು ನಮ್ಮಲ್ಲಿಲ್ಲ. ಇನ್ಶೂರೆನ್ಸ್ ಇಲ್ಲದವರು ಎರಡರ ನಡುವೆ ಸಿಕ್ಕಿಹಾಕಿಕೊಂಡು ಚಿನ್ನ ಅಡವಿಡುತ್ತಾರೆ.

ಊರಿನ ಚಿಕಿತ್ಸಾ ಸಹಾಯ ಸಮಿತಿಗಳಲ್ಲಿ ಓಡಾಡಿ, ಅರ್ಜಿ ತುಂಬಿಸಿಕೊಟ್ಟು ಅಭ್ಯಾಸವಿರುವವನಾಗಿ ಇದನ್ನು ಬರೆಯುತ್ತಿದ್ದೇನೆ. ಜನ ಫೋನ್ ಮಾಡುವುದು ಸಾಮಾನ್ಯವಾಗಿ ಹೀಗೆ: "ಅಣ್ಣಾ, ಡಿಸ್ಚಾರ್ಜ್ ಆಯಿತು, ಬಿಲ್ಲೂ ಕಟ್ಟಿ ಆಯಿತು. ಇನ್ನು ಯಾವುದಾದರೂ ಸಹಾಯ ಸಿಗುತ್ತದಾ?" ಅಷ್ಟು ಹೊತ್ತಿಗೆ ಮುಕ್ಕಾಲು ಬಾಗಿಲು ಮುಚ್ಚಿರುತ್ತದೆ. ಸಹಾಯದ ಹೆಚ್ಚಿನ ಹಣ ಆಸ್ಪತ್ರೆಗೆ ನೇರವಾಗಿ ಹೋಗುವಂಥದ್ದು, ಕಟ್ಟಿದ ಬಿಲ್ಲಿಗೆ ವಾಪಸ್ ಬರುವಂಥದ್ದಲ್ಲ. ಅದಕ್ಕೇ ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ ಎಂಬುದು ಇಲ್ಲಿ ತುಂಬಾ ಮುಖ್ಯ.

ತುರ್ತು ಇದ್ದರೆ ಲೆಕ್ಕ ಆಮೇಲೆ

ಹೃದಯಾಘಾತ, ಪಾರ್ಶ್ವವಾಯು, ಅಪಘಾತ, ಹಾವು ಕಚ್ಚಿದ್ದು, ಹೆರಿಗೆಯ ತೊಂದರೆ. ಇವಕ್ಕೆ ಯೋಜನೆ ಗೀಜನೆ ನೋಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಚಿಕಿತ್ಸೆ ಸಿಗುವ ಕಡೆ ಹೋಗಿ. "ಅಡ್ವಾನ್ಸ್ ಕಟ್ಟಿ, ಆಮೇಲೆ ನೋಡುತ್ತೇವೆ" ಎಂದು ತುರ್ತು ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ. ಜೀವ ಉಳಿಸುವುದು ಪ್ರತಿ ವೈದ್ಯರ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದುಡ್ಡಿಲ್ಲ, ದಾಖಲೆ ಇಲ್ಲ ಎಂದು ತುರ್ತು ಚಿಕಿತ್ಸೆ ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಮತ್ತೆ ಗಟ್ಟಿಯಾಗಿ ಹೇಳಿತು. ಮಂಗಳೂರಿನ ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದ ಕಾನೂನು ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಒತ್ತಾಯ ಮಾಡುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಇದೆ ಎಂದು ಶವ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಜಗಳಕ್ಕೆ ಹೋಗಬೇಡಿ. ಈ ವಿಷಯ ನಮಗೆ ಗೊತ್ತಿದೆ ಎಂದು ಮೆತ್ತಗೆ ಹೇಳಿದರೆ ಸಾಕು, ಕೌಂಟರಿನ ಮಾತಿನ ಧಾಟಿಯೇ ಬದಲಾಗುತ್ತದೆ.

ರಸ್ತೆ ಅಪಘಾತವಾದರೆ ಇನ್ನೊಂದು ದಾರಿ ಇದೆ, ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2025ರ ಮೇಯಲ್ಲಿ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ, ಒಬ್ಬರಿಗೆ ₹1.5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಗಾಯಗೊಂಡವರಿಗೆ ವಿಮೆ ಇರಬೇಕೆಂದಿಲ್ಲ. ಪೊಲೀಸರ ದೃಢೀಕರಣ ಬೇಕು, ಹಾಗಾಗಿ 112ಕ್ಕೆ ಕರೆ ಮಾಡುವುದನ್ನು ತಪ್ಪಿಸಬೇಡಿ. ಗುದ್ದಿದ ಗಾಡಿ ನಿಲ್ಲಿಸದೆ ಓಡಿಹೋಗಿದ್ದರೆ ಬೇರೆಯೇ ಪರಿಹಾರ ಇದೆ. ಸಾವಾದರೆ ₹2 ಲಕ್ಷ, ತೀವ್ರ ಗಾಯವಾದರೆ ₹50,000. 2022ರ ಏಪ್ರಿಲ್‌ನಿಂದ ಈ ದರ. "ಗಾಡಿ ನಂಬರೇ ಗೊತ್ತಿಲ್ಲ, ಕೇಸ್ ಮಾಡಿ ಏನು ಉಪಯೋಗ" ಎಂದು ಸುಮ್ನೆ ಮನೆಗೆ ಹೋಗುವವರು ಇದನ್ನು ಕಳೆದುಕೊಳ್ಳುತ್ತಾರೆ.

ಯಾವ ಆಸ್ಪತ್ರೆ? ನಿಜವಾದ ಖರ್ಚು ಇಲ್ಲೇ ನಿರ್ಧಾರವಾಗುತ್ತದೆ

ತುರ್ತು ಕಳೆದ ಮೇಲೆ, ಅಥವಾ ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಸಮಯವಿದ್ದರೆ, ಆಗ ಕೂತು ಯೋಚಿಸಿ. ಮೊದಲು ಮನೆಯ ರೇಶನ್ ಕಾರ್ಡ್ ಬಣ್ಣ ನೋಡಿ. ಹಳದಿ ಅಂತ್ಯೋದಯ, ಗುಲಾಬಿ ಆದ್ಯತೆಯದ್ದು, ನೀಲಿ ಸಬ್ಸಿಡಿಯದ್ದು, ಬಿಳಿ ಯಾವ ಆದ್ಯತೆಯೂ ಇಲ್ಲದ್ದು. ಆಮೇಲೆ ಮನೆಯವರ ಹೆಸರು ಕಾಸ್ಪ್‌ನಲ್ಲಿ, ಅಂದರೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂಬ ಕೇರಳ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಇದೆಯೇ ನೋಡಿ. ಇದ್ದರೆ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗಿನ ಒಳರೋಗಿ ಚಿಕಿತ್ಸೆ ಉಚಿತ. ಎಷ್ಟೋ ಮನೆಗಳಲ್ಲಿ ಹಳೆಯ ಆರೋಗ್ಯ ವಿಮೆ ಕಾರ್ಡ್ ಕಪಾಟಿನಲ್ಲಿ ಬಿದ್ದಿರುತ್ತದೆ, ಅದು ಕಾಸ್ಪ್‌ಗೆ ಸೇರಿಕೊಂಡದ್ದು ಯಾರಿಗೂ ಗೊತ್ತಿರುವುದಿಲ್ಲ. ಕಾಸರಗೋಡಿನ ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯ ಕಾಸ್ಪ್ ಕೌಂಟರಿಗೆ ಆಧಾರ್, ರೇಶನ್ ಕಾರ್ಡ್ ಹಿಡಿದು ಹೋಗಿ ಕೇಳಿ. 1056ರ ದಿಶಾ ಸಹಾಯವಾಣಿಯಲ್ಲೂ ವಿಚಾರಿಸಬಹುದು. "ನಮಗೆ ವಿಮೆ ಇಲ್ಲ" ಅನ್ನುವ ಮೊದಲು ಇದೊಂದು ನೋಡಿಬಿಡಿ.

ಕಾಸ್ಪ್ ಇದ್ದರೂ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೇ ನಡೆಯುತ್ತದೆ. ಮಂಗಳೂರಿಗೇ ಹೋಗುವುದಾದರೆ, ಆ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತದಾ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿ. ಅಡ್ಮಿಟ್ ಆದ ಮೇಲೆ ಕೇಳಿದರೆ "ಮೊದಲೇ ಹೇಳಬೇಕಿತ್ತಲ್ಲ" ಎಂಬ ಉತ್ತರ ಬರುತ್ತದೆ.

ಕಾಸ್ಪ್ ಇಲ್ಲದಿದ್ದರೆ ಎರಡನೇ ಬಾಗಿಲು ಕಾರುಣ್ಯ ಬೆನವಲೆಂಟ್ ಫಂಡ್. ಜನ ಕೆಬಿಎಫ್ ಅನ್ನುತ್ತಾರೆ. ಕಾರುಣ್ಯ ಲಾಟರಿಯ ಹಣದಿಂದ ಶುರುವಾದದ್ದು. ಕಾಸ್ಪ್‌ನಲ್ಲಿ ಇಲ್ಲದ, ವಾರ್ಷಿಕ ಆದಾಯ ₹3 ಲಕ್ಷದ ಒಳಗಿರುವ ಕುಟುಂಬಕ್ಕೆ ಒಂದು ಬಾರಿ ₹2 ಲಕ್ಷದವರೆಗೆ, ಮೂತ್ರಪಿಂಡದ ರೋಗಿಗಳಿಗೆ ₹3 ಲಕ್ಷದವರೆಗೆ. ಇದೂ ಪಟ್ಟಿಯ ಆಸ್ಪತ್ರೆಗಳಲ್ಲೇ. ಬಿಲ್ಲು ಕಟ್ಟಿ ಹೊರಬಂದ ಮೇಲೆ ಕೇಳುವಂಥದ್ದಲ್ಲ.

ಈ ಲೆಕ್ಕದಲ್ಲಿ ನೋಡಿದರೆ ದಕ್ಷಿಣಕ್ಕೆ ಹೋಗುವುದು ಎಷ್ಟೋ ಸಲ ಲಾಭ. ಪರಿಯಾರಂನ ಮೆಡಿಕಲ್ ಕಾಲೇಜು ಈಗ ಸರ್ಕಾರದ್ದು. ಕ್ಯಾನ್ಸರ್ ಆದರೆ ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಹೃದಯ, ಮೆದುಳಿನ ಕಷ್ಟದ ಕೇಸುಗಳಿಗೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಆದಾಯ ನೋಡಿ ರಿಯಾಯಿತಿ ಕೊಡುತ್ತಾರೆ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳಿಗೆ ಹೃದ್ಯಂ ಯೋಜನೆ ಇದೆ. ಪೆರ್ಲದಿಂದ ಮಂಗಳೂರಿಗೆ ಓಡುವ ಮೊದಲು ಇದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅಲ್ಲಿಂದಲೇ ಹೆಸರು ನೋಂದಾಯಿಸಬಹುದು.

ಮಂಗಳೂರೇ ಬೇಕು ಅನ್ನುವವರಿಗೂ ದಾರಿ ಇಲ್ಲವೆಂದಲ್ಲ. ಸರ್ಕಾರಿ ವೆನ್ಲಾಕ್ ಆಸ್ಪತ್ರೆ 1848ರಿಂದ ಇದೆ, ಕಾಸರಗೋಡಿನವರು ಅಲ್ಲಿ ಹೊಸಬರೇನಲ್ಲ. ಖಾಸಗಿ ಮೆಡಿಕಲ್ ಕಾಲೇಜುಗಳ ಜನರಲ್ ವಾರ್ಡ್ ಖರ್ಚು ಅದೇ ಆಸ್ಪತ್ರೆಯ ಸ್ಪೆಷಲ್ ವಾರ್ಡಿಗಿಂತ ತುಂಬಾ ಕಡಿಮೆ. ಕೆಲವು ಸಂಸ್ಥೆಗಳು ವರ್ಷಕ್ಕೊಮ್ಮೆ ಸಣ್ಣ ಮೊತ್ತಕ್ಕೆ ಹೆಲ್ತ್ ಕಾರ್ಡ್ ಮಾಡಿಕೊಡುತ್ತವೆ, ಕಾಸರಗೋಡಿನವರಿಗೂ ಕೊಡುತ್ತವೆ. ಅದು ವಿಮೆ ಅಲ್ಲ, ರಿಯಾಯಿತಿ ಅಷ್ಟೇ. ಆದರೂ ಆರೋಗ್ಯವಾಗಿರುವಾಗಲೇ ಮಾಡಿಸಿಟ್ಟುಕೊಂಡರೆ ನಷ್ಟವಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಿಂದ ಇರುವ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ಸಂಸ್ಥೆಯಲ್ಲಿ ಹೃದಯ ಮತ್ತು ನರ ಶಸ್ತ್ರಚಿಕಿತ್ಸೆ ಪೂರ್ತಿ ಉಚಿತ. ಯಾವ ರಾಜ್ಯ, ಯಾವ ಧರ್ಮ, ಯಾವ ಕಾರ್ಡ್ ಎಂದು ಕೇಳುವುದಿಲ್ಲ. ಸರತಿ ಇರುತ್ತದೆ, ಕಾಯಬೇಕು. ಕಾಯುವಂಥ ಕಾಯಿಲೆಯಾಗಿದ್ದರೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ದೂರ ಹೋಗಲು ರೈಲಿನಲ್ಲಿ ರೋಗಿಗಳಿಗೆ ರಿಯಾಯಿತಿ ಇದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ಉಚಿತ, ಜೊತೆಗಿರುವವರಿಗೆ ಮುಕ್ಕಾಲು ಪಾಲು ಕಡಿತ. ಡಾಕ್ಟರ್ ಸಹಿ ಮಾಡಿದ ನಿಗದಿತ ಫಾರಂ ಬೇಕು, ಟಿಕೆಟ್ ಮಾಡಿಸುವುದು ಸ್ಟೇಷನ್ ಕೌಂಟರಿನಲ್ಲಿ.

ಕಾಗದ ಪತ್ರದ ಚೀಲ

ಅರ್ಜಿ ತಿರಸ್ಕಾರವಾಗುವುದು ಬಡತನ ಸಾಲದೆಂದು ಅಲ್ಲ, ಕಾಗದ ಸರಿಯಿಲ್ಲವೆಂದು. ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಅದರಲ್ಲಿ ರೋಗಿಯ ಆಧಾರ್, ಮನೆಯ ರೇಶನ್ ಕಾರ್ಡ್, ರೋಗಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಫೋಟೋ, ಆದಾಯ ಪ್ರಮಾಣಪತ್ರ, ಡಾಕ್ಟರ ಸರ್ಟಿಫಿಕೇಟ್, ಖರ್ಚಿನ ಎಸ್ಟಿಮೇಟ್ ಇರಬೇಕು. ಎಲ್ಲದರ ಆರೇಳು ಜೆರಾಕ್ಸ್. ಮೂಲ ಪ್ರತಿ ಯಾರ ಕೈಗೂ ಕೊಟ್ಟುಬಿಡಬೇಡಿ, ನಿಧಿಯವರೇ ಮೂಲ ಕೇಳಿದರೆ ಬೇರೆ ಮಾತು.

ಆದಾಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರಿ ಆನ್‌ಲೈನ್ ಸೇವೆಗಳ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ಕೊಡುವುದು ವಿಲ್ಲೇಜ್ ಆಫೀಸರ್. ಅಕ್ಷಯದವರು "ಆದಾಯ ಎಷ್ಟು ಹಾಕಲಿ" ಎಂದು ಕೇಳುತ್ತಾರೆ. ನಿಜ ಹೇಳಿ. ಎಲ್ಲಾ ಮಕ್ಕಳ ಆದಾಯ ಸೇರಿಸಿಬಿಟ್ಟು ಮಿತಿ ದಾಟಿಸಿಕೊಂಡವರಿದ್ದಾರೆ. ಬೇರೆ ರೇಶನ್ ಕಾರ್ಡಿನಲ್ಲಿರುವ ಮಗ ಬೇರೆ ಕುಟುಂಬ ಎಂಬುದನ್ನು ಆಫೀಸಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಕನ್ನಡದವರ ದೊಡ್ಡ ತಲೆನೋವು ಹೆಸರಿನದ್ದು. ಆಧಾರ್‌ನಲ್ಲಿ ಒಂದು, ಮಲಯಾಳದಲ್ಲಿ ಅಚ್ಚಾದ ರೇಶನ್ ಕಾರ್ಡ್‌ನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ಮನೆಹೆಸರು ಸೇರಿಕೊಂಡು ಮತ್ತೊಂದು. ಆಸ್ಪತ್ರೆಯ ಚೀಟಿಯಲ್ಲಂತೂ ರಿಸೆಪ್ಷನ್‌ನವರ ಕಿವಿಗೆ ಬಿದ್ದ ಹಾಗೆ. ಅಡ್ಮಿಟ್ ಮಾಡುವಾಗ ಬಾಯಲ್ಲಿ ಹೇಳಬೇಡಿ, ಆಧಾರ್ ಕಾರ್ಡ್ ಎದುರಿಗಿಟ್ಟು ಇದರಲ್ಲಿದ್ದ ಹಾಗೆ ಬರೆಯಿರಿ ಅನ್ನಿ. ಮೊದಲೇ ಬೇರೆಯಾಗಿದ್ದರೆ, ಈ ಎರಡು ಹೆಸರೂ ಒಬ್ಬರದ್ದೇ ಎಂದು ವಿಲ್ಲೇಜ್ ಆಫೀಸಿನಿಂದ 'ಒನ್ ಅಂಡ್ ದ ಸೇಮ್' ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ಕೂಡಲೇ ಮಾಡಿಸಿಕೊಳ್ಳಿ.

ಡಾಕ್ಟರ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ನಾಲ್ಕು ಸಂಗತಿ ನೋಡಿ. ಕಾಯಿಲೆಯ ಹೆಸರು ಪೂರ್ತಿ ಬರೆದಿದ್ದಾರಾ, ಸಹಿ ಇದೆಯಾ, ವೈದ್ಯರ ನೋಂದಣಿ ಸಂಖ್ಯೆ ಇದೆಯಾ, ಆಸ್ಪತ್ರೆಯ ಸೀಲು ಇದೆಯಾ. ತಾರೀಕನ್ನೂ ನೋಡಿ. ಸೀಲು ಮಸುಕಾಗಿ ನಂಬರ್ ಓದಲಾಗದ ಸರ್ಟಿಫಿಕೇಟ್ ಹಿಡಿದು ತಿರುಗಿ ಮಂಗಳೂರಿಗೆ ಹೋಗಬೇಕಾಗಿ ಬಂದವರನ್ನು ಕಂಡಿದ್ದೇನೆ. ಆ ದಿನ ಆ ಡಾಕ್ಟರ್ ರಜೆ.

ಭಾಷೆಯ ಬಗ್ಗೆಯೂ ಒಂದು ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಾವು ಸ್ಥಳೀಯ ಕಚೇರಿಗೂ ಸೆಕ್ರೆಟೇರಿಯಟ್‌ಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಇದು ನಮ್ಮ ಹಕ್ಕು, ಬಿಡಬೇಡಿ. ಆದರೆ ಐಸಿಯುನಲ್ಲಿ ಅಪ್ಪ ಮಲಗಿರುವಾಗ ಹಕ್ಕಿನ ಹೋರಾಟಕ್ಕೆ ಸಮಯವಿರುವುದಿಲ್ಲ ಅಲ್ವಾ? ತಿರುವನಂತಪುರಕ್ಕೆ ಹೋಗುವ ಅರ್ಜಿಯ ಜೊತೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ಪ್ರತಿ ಲಗತ್ತಿಸಿದರೆ ಫೈಲ್ ಬೇಗ ಮುಂದೆ ಹೋಗುತ್ತದೆ. ಮಲಯಾಳ ಫಾರಂ ಓದಲು ಬಾರದಿದ್ದರೆ ಊರಿನ ಆಶಾ ಕಾರ್ಯಕರ್ತೆ, ಕುಟುಂಬಶ್ರೀಯವರು, ಪಂಚಾಯತ್ ಮೆಂಬರ್ ಯಾರನ್ನಾದರೂ ಕೂರಿಸಿಕೊಂಡು ತುಂಬಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಮುಖ್ಯಮಂತ್ರಿಗಳ ನಿಧಿ, ಪ್ರಧಾನಿಗಳ ನಿಧಿ

ಕೇರಳ ಮುಖ್ಯಮಂತ್ರಿಗಳ ವಿಪತ್ತು ಪರಿಹಾರ ನಿಧಿಗೆ ನಮ್ಮ ಮಟ್ಟಿಗೆ ಒಂದು ವಿಶೇಷವಿದೆ. ಇದರ ಹಣ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡವರೂ ಅರ್ಜಿ ಹಾಕುತ್ತಾರೆ. ಕುಟುಂಬದ ವಾರ್ಷಿಕ ಆದಾಯ ₹2 ಲಕ್ಷದ ಒಳಗಿರಬೇಕು. ವೈದ್ಯಕೀಯ ಸರ್ಟಿಫಿಕೇಟ್ ನಿಧಿಯದ್ದೇ ನಮೂನೆಯಲ್ಲಿ, ಆರು ತಿಂಗಳ ಒಳಗಿನದ್ದಾಗಿರಬೇಕು. ಅಕ್ಷಯ ಕೇಂದ್ರದಲ್ಲಿ, ಶಾಸಕರ ಅಥವಾ ಸಂಸದರ ಕಚೇರಿಯಲ್ಲಿ, ಇಲ್ಲವೇ ಸ್ವತಃ ಆನ್‌ಲೈನ್‌ನಲ್ಲಿ ಹಾಕಬಹುದು. ಜಿಲ್ಲಾಧಿಕಾರಿ ಹಂತದಲ್ಲಿ ಮಂಜೂರಾಗುವುದು ಸಣ್ಣ ಮೊತ್ತ. ದೊಡ್ಡದು ಮೇಲಕ್ಕೆ ಹೋಗುತ್ತದೆ, ₹3 ಲಕ್ಷದವರೆಗೆ ಮುಖ್ಯಮಂತ್ರಿಗಳೇ ಮಂಜೂರು ಮಾಡಬಹುದು. ಆದರೆ ಎಲ್ಲರಿಗೂ ₹3 ಲಕ್ಷ ಬರುತ್ತದೆ ಎಂದು ಎಣಿಸಿಕೊಂಡು ಸಾಲ ಮಾಡಬೇಡಿ. ಸಾಮಾನ್ಯವಾಗಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಔಷಧಿ ಖರ್ಚಿಗೆ ಆಗುತ್ತದೆ, ಆಪರೇಷನ್ ಬಿಲ್ಲಿಗೆ ಸಾಲದು.

ಏಜೆಂಟರ ಹತ್ತಿರ ಹೋಗಬೇಡಿ. 2023ರ ಫೆಬ್ರವರಿಯಲ್ಲಿ ವಿಜಿಲೆನ್ಸ್‌ನವರು ರಾಜ್ಯದ ಕಲೆಕ್ಟರೇಟುಗಳಲ್ಲಿ ತಪಾಸಣೆ ಮಾಡಿದಾಗ, ಏಜೆಂಟರು ಸುಳ್ಳು ಸರ್ಟಿಫಿಕೇಟ್ ಲಗತ್ತಿಸಿ, ಹಲವು ಅರ್ಜಿಗೆ ಒಂದೇ ಫೋನ್ ನಂಬರ್ ಕೊಟ್ಟು ಹಣ ಹೊಡೆದದ್ದು ಹೊರಬಂತು. ಅಂದಿನಿಂದ ತಪಾಸಣೆ ಬಿಗಿ. ಅರ್ಜಿಯಲ್ಲಿ ನಿಮ್ಮದೇ ನಂಬರ್ ಇರಲಿ. ವಿಲ್ಲೇಜ್ ಆಫೀಸಿನಿಂದ ವಿಚಾರಣೆಗೆ ಫೋನ್ ಬರುತ್ತದೆ. ಎತ್ತದಿದ್ದರೆ ಫೈಲ್ ಅಲ್ಲೇ ಕೂರುತ್ತದೆ.

ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯ ನಡೆ ಬೇರೆ. ಹೃದಯ ಶಸ್ತ್ರಚಿಕಿತ್ಸೆ, ಮೂತ್ರಪಿಂಡ ಕಸಿ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ ಭಾಗಶಃ ಸಹಾಯ. ಆಸ್ಪತ್ರೆ ಸರ್ಕಾರದ್ದಾಗಿರಬೇಕು, ಇಲ್ಲವೇ ನಿಧಿಯ ಪಟ್ಟಿಯಲ್ಲಿರಬೇಕು. ರಾಜ್ಯದ ಗಡಿ ಇದಕ್ಕಿಲ್ಲ. ಫೋಟೋ, ವಿಳಾಸದ ದಾಖಲೆ, ಆದಾಯ ಪ್ರಮಾಣಪತ್ರ, ಕಾಯಿಲೆ ಮತ್ತು ಅಂದಾಜು ಖರ್ಚು ಬರೆದ ಮೂಲ ಸರ್ಟಿಫಿಕೇಟ್ ಇಟ್ಟು ಪ್ರಧಾನಿ ಕಾರ್ಯಾಲಯಕ್ಕೆ ಕಳಿಸಬೇಕು. ಹಣ ಆಸ್ಪತ್ರೆಗೆ ಹೋಗುತ್ತದೆ, ಮುಗಿದ ಖರ್ಚಿಗೆ ಕೊಡುವುದಿಲ್ಲ. ಆದ್ದರಿಂದ ಆಪರೇಷನ್ ತಾರೀಕು ಗೊತ್ತಾದ ದಿನವೇ ಕಳಿಸಿ. ಸಂಸದರ ಶಿಫಾರಸು ಪತ್ರವಿದ್ದರೆ ಒಳ್ಳೆಯದು.

ಮನೆಯಲ್ಲೇ ಇರುವ ಮರೆತ ಕಾರ್ಡುಗಳು

ಅತ್ತೆಯ ಬೀಡಿ ಕಾರ್ಡ್ ಇದೆಯಾ? ಬೀಡಿ ಕಾರ್ಮಿಕರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದ ಚಿಕಿತ್ಸೆಗೆ ಕೇಂದ್ರ ಕಾರ್ಮಿಕ ಕಲ್ಯಾಣ ಸಂಸ್ಥೆಯಿಂದ ನೆರವಿದೆ. ಮೀನುಗಾರರು, ಕಟ್ಟಡ ಕೆಲಸದವರು, ಆಟೋ ಓಡಿಸುವವರಿಗೆ ಅವರವರ ಕ್ಷೇಮನಿಧಿ ಮಂಡಳಿ ಇದೆ. ಕಂತು ನಿಂತುಹೋಗಿದ್ದರೂ ಹೋಗಿ ವಿಚಾರಿಸಿ.

ಗಲ್ಫಿನಿಂದ ವಾಪಸ್ ಬಂದವರು ನಮ್ಮಲ್ಲಿ ಪ್ರತಿ ಊರಲ್ಲೂ ಇದ್ದಾರೆ. ಎರಡು ವರ್ಷವಾದರೂ ಹೊರಗೆ ದುಡಿದು ಬಂದು, ಈಗ ಕುಟುಂಬದ ಆದಾಯ ₹1.5 ಲಕ್ಷದ ಒಳಗಿರುವವರಿಗೆ ಅನಿವಾಸಿ ಕೇರಳೀಯರಿಗಾಗಿ ಇರುವ ಸರ್ಕಾರಿ ಸಂಸ್ಥೆ ನೋರ್ಕಾ ರೂಟ್ಸ್‌ನ ಸಾಂತ್ವನ ಯೋಜನೆಯಲ್ಲಿ ಚಿಕಿತ್ಸೆಗೆ ₹50,000ದವರೆಗೆ ಸಿಗುತ್ತದೆ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ, ವೀಸಾದ ಪುಟವೇ ಇಲ್ಲಿ ಸಾಕ್ಷಿ.

ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ದಾರಿಯೇ ಬೇರೆ. ಗೇರು ತೋಟಗಳಿಗೆ 2000ದವರೆಗೆ ಆ ಔಷಧಿ ಸಿಂಪಡಿಸಿದ ಪಂಚಾಯತುಗಳವರಿಗೆ ಇದನ್ನು ವಿವರಿಸಬೇಕಿಲ್ಲ. ಸಂತ್ರಸ್ತರಿಗೆ ತಲಾ ₹5 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು, 2022ರಲ್ಲಿ ಮತ್ತೆ ಕೇಳಬೇಕಾಯಿತು. ಪರಿಹಾರದ ಹಣ ಬಂದವರಿಗೂ ಮಾಸಿಕ ಪಿಂಚಣಿ, ಉಚಿತ ಚಿಕಿತ್ಸೆ ಪ್ರತ್ಯೇಕ. ಒಂದು ಸಿಕ್ಕಿತೆಂದು ಇನ್ನೊಂದು ಬಿಡಬೇಡಿ.

ಮಲಗಿದಲ್ಲೇ ಇರುವವರಿಗೆ ಪ್ರತಿ ಪಂಚಾಯತ್‌ನಲ್ಲೂ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿದೆ. ಟ್ಯೂಬ್ ಬದಲಿಸುವುದು, ಗಾಯ ತೊಳೆಯುವುದು, ಗಾಳಿ ಹಾಸಿಗೆ, ವೀಲ್‌ಚೇರ್ ಎಲ್ಲಾ ಅಲ್ಲಿ ಕೇಳಿ. ದುಡ್ಡು ಕೊಟ್ಟು ಕೊಳ್ಳುವುದು ಆಮೇಲೆ.

ಊರು ಸೇರಿಸುವ ಹಣ

ಸರ್ಕಾರದ ಎಲ್ಲಾ ಲೆಕ್ಕ ಮುಗಿದ ಮೇಲೂ ಒಂದು ಅಂತರ ಉಳಿಯುತ್ತದೆ. ಕಸಿ ಶಸ್ತ್ರಚಿಕಿತ್ಸೆಯಂಥದ್ದರಲ್ಲಿ ಅದು ಹತ್ತು ಲಕ್ಷವೂ ಆಗಬಹುದು. ಅದನ್ನು ತುಂಬುವುದು ಊರೇ. ನಮ್ಮ ಜಿಲ್ಲೆ ಈ ಕೆಲಸದಲ್ಲಿ ನಿಜಕ್ಕೂ ಪಳಗಿದೆ.

ಮೊದಲು ಸಮಿತಿ ಆಗಬೇಕು. ಕ್ಲಬ್ಬಿನಲ್ಲೋ ಶಾಲೆಯಲ್ಲೋ ಒಂದು ಸಭೆ ಕರೆಯಿರಿ. ವಾರ್ಡ್ ಮೆಂಬರ್ ಇರಲಿ, ದೇವಸ್ಥಾನದವರು, ಜಮಾಅತ್‌ನವರು, ಇಗರ್ಜಿಯವರು ಎಲ್ಲಾ ಬರಲಿ. ಒಂದೇ ಪಕ್ಷದವರು ಕೂತರೆ ಇನ್ನೊಂದು ಪಕ್ಷದವರ ದುಡ್ಡು ಬರುವುದಿಲ್ಲ, ಇದು ಕಟು ಸತ್ಯ. ಅಧ್ಯಕ್ಷ, ಸಂಚಾಲಕ, ಖಜಾಂಚಿ ಮೂವರ ಹೆಸರಲ್ಲಿ ಸಮಿತಿಯ ಜಂಟಿ ಖಾತೆ ತೆರೆಯಿರಿ. ಯಾರದ್ದೋ ಸ್ವಂತ ಗೂಗಲ್ ಪೇ ನಂಬರ್ ಪೋಸ್ಟರಿನಲ್ಲಿ ಹಾಕಬೇಡಿ. ಒಳ್ಳೆಯ ಮನುಷ್ಯನೇ ಆಗಿದ್ದರೂ ಆರು ತಿಂಗಳ ನಂತರ ಮಾತು ಬರುತ್ತದೆ. ರೋಗಿಯದ್ದೇ ಖಾತೆ ಕೊಡುವುದಾದರೆ ಅದರ ಕೆವೈಸಿ ಪೂರ್ತಿಯಾಗಿದೆಯೇ ನೋಡಿ. ಕೆವೈಸಿ ಆಗದ ಸಣ್ಣ ಖಾತೆಗೆ ವರ್ಷದಲ್ಲಿ ಒಟ್ಟು ₹1 ಲಕ್ಷಕ್ಕಿಂತ ಜಾಸ್ತಿ ಜಮೆಯಾಗುವುದಿಲ್ಲ.

ಪೋಸ್ಟರಿನಲ್ಲಿ ಬೇಕಾದ ಮೊತ್ತ, ಆಸ್ಪತ್ರೆ, ಕೊನೆಯ ದಿನಾಂಕ ಇರಲಿ. ಹಣ ಉಳಿದರೆ ಏನು ಮಾಡುತ್ತೇವೆ ಎಂಬುದನ್ನು ಮೊದಲ ದಿನವೇ ಬರೆದುಬಿಡಿ. 2021ರಲ್ಲಿ ಕಣ್ಣೂರಿನ ಮಾಟ್ಟೂಲ್‌ನಲ್ಲಿ ಒಂದು ಮಗುವಿನ ₹18 ಕೋಟಿಯ ಔಷಧಿಗೆ ಕೈಚಾಚಿದಾಗ ಕೆಲವೇ ದಿನಗಳಲ್ಲಿ ₹46 ಕೋಟಿ ದಾಟಿತ್ತು. ನಮ್ಮ ಊರಿನ ಲೆಕ್ಕ ಅಷ್ಟು ದೊಡ್ಡದಲ್ಲ, ಆದರೆ ಉಳಿದ ಐವತ್ತು ಸಾವಿರಕ್ಕೇ ಸ್ನೇಹ ಕೆಡುತ್ತದೆ. ಟ್ಯೂಬ್ ಹಾಕಿಕೊಂಡು ಮಲಗಿದ ಮಗುವಿನ ಫೋಟೋ ಪೋಸ್ಟರಿಗೆ ಹಾಕಬೇಡಿ. ಗುಣವಾಗಿ ಅದೇ ಶಾಲೆಗೆ ಹೋಗುವ ಮಗು ಅದು.

ಹಣ ಬರುವ ದಾರಿಗಳಲ್ಲಿ ನನಗೆ ಇಷ್ಟವಾದದ್ದು ಕಾರುಣ್ಯ ಯಾತ್ರೆ. ಖಾಸಗಿ ಬಸ್ಸಿನವರು ಒಂದು ದಿನದ ಪೂರ್ತಿ ಕಲೆಕ್ಷನ್ ರೋಗಿಗೆ ಬಿಟ್ಟುಕೊಡುತ್ತಾರೆ. ಬಸ್ಸಿನ ಮುಂದೆ ಬ್ಯಾನರ್ ಕಟ್ಟಿರುತ್ತದೆ. ಅವತ್ತು ಟಿಕೆಟ್ ಮೆಷಿನ್ ಇಲ್ಲ, ಕಂಡಕ್ಟರ್ ಕೈಯಲ್ಲಿ ಬಕೆಟ್. ಎರಡು ಸ್ಟಾಪ್ ಹೋಗುವ ಮುದುಕಿ ಸೆರಗಿನ ಗಂಟು ಬಿಚ್ಚಿ ನೂರರ ನೋಟು ಹಾಕಿ, ಚಿಲ್ಲರೆ ಕೇಳದೆ ಇಳಿದು ಹೋಗುತ್ತಾಳೆ. ಚಾಲಕ, ಕಂಡಕ್ಟರ್ ಆ ದಿನದ ಸಂಬಳ ತೆಗೆದುಕೊಳ್ಳುವುದಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ: ಬಸ್ ಮಾಲೀಕರ ಸಂಘದವರನ್ನು ಮೊದಲೇ ಕಾಣಿ, ಡೀಸೆಲ್‌ಗೆ ಯಾರನ್ನಾದರೂ ಒಪ್ಪಿಸಿ, ರಾತ್ರಿ ಬಕೆಟ್ ಬಿಚ್ಚಿ ಎಣಿಸುವಾಗ ಸಮಿತಿಯ ಇಬ್ಬರು ಎದುರಿಗಿರಿ.

ಬಿರಿಯಾನಿ ಚಾಲೆಂಜ್ ಎರಡನೆಯದ್ದು. ವಾಟ್ಸಾಪಿನಲ್ಲಿ ವಾರ್ಡ್‌ವಾರು ಆರ್ಡರ್ ತೆಗೆದುಕೊಂಡು, ಅಕ್ಕಿ, ಕೋಳಿ ಯಾರಿಂದಲಾದರೂ ದಾನವಾಗಿ ಪಡೆದು, ಹುಡುಗರು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುತ್ತಾರೆ. ಮಾಂಸ ತಿನ್ನದವರಿರುವ ಕಡೆ ಪಾಯಸ ಚಾಲೆಂಜ್ ಮಾಡಿ. ಹಣ ಮೊದಲೇ ಪಡೆದುಕೊಳ್ಳಿ. "ಕೊಡುವಾಗ ಕೊಡ್ತೇನೆ" ಎಂದ ಪೊಟ್ಟಣಗಳೇ ಕೊನೆಗೆ ಉಳಿಯುವುದು. ಯಕ್ಷಗಾನ ಆಡಿಸುವ ಆಲೋಚನೆ ನಮ್ಮವರಿಗೆ ಬರುತ್ತದೆ. ಖರ್ಚು ಕಳೆದು ಕೈಗೆ ಸಿಗುವುದು ಕಡಿಮೆ, ಹೆಚ್ಚಿನ ಸಲ ಬೇಡವೆಂದೇ ಹೇಳುತ್ತೇನೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿ ಮನೆಯವರಿದ್ದರೆ ಸೇವಾಪ್ರತಿನಿಧಿಯನ್ನು ಕೇಳಿ. ಬೇಳ, ಕಯ್ಯಾರಿನಂಥ ಇಗರ್ಜಿಗಳ ವಿನ್ಸೆಂಟ್ ದಿ ಪಾವ್ಲ್ ಸಭೆ, ಮಸೀದಿಗಳ ಝಕಾತ್ ಸಮಿತಿ ಇವನ್ನೂ ಮರೆಯಬೇಡಿ. ಜಾತಿ ನೋಡಿ ಹಿಂಜರಿಯಬೇಡಿ, ಕೇಳಿದರೆ ಇಲ್ಲವೆನ್ನುವುದು ಕಡಿಮೆ.

ಸಂಗ್ರಹವಾದ ಹಣವನ್ನು ನಗದಾಗಿ ಮನೆಗೆ ಕೊಡಬೇಡಿ, ಆಸ್ಪತ್ರೆಯ ಖಾತೆಗೆ ಹಾಕಿ. ಮೊದಲು ಬಿಲ್ಲಿನ ವಿವರ ಕೇಳಿ. ಔಷಧಿ ಎಷ್ಟು, ಕೋಣೆ ಎಷ್ಟು, ಸಾಮಗ್ರಿ ಎಷ್ಟು ಎಂದು ಬಿಡಿಸಿ ಕೊಡಬೇಕು. ಎರಡು ದಿನಕ್ಕೊಮ್ಮೆ ಇದುವರೆಗಿನ ಬಿಲ್ಲು ಕೇಳುತ್ತಿರಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರನ್ನು ಕಂಡು ಸಮಿತಿಯ ಪತ್ರ ಕೊಡಿ. ಕಡಿತ ಕೇಳುವುದಕ್ಕೆ ನಾಚಿಕೆ ಬೇಡ, ಕೇಳಿದವರಿಗೆ ಮಾತ್ರ ಕೊಡುವಂಥದ್ದು ಅದು.

ಮಳೆಗಾಲದ ಪಾಡು

ಕಾಯಿಲೆ ಒಂದೇ ಅಲ್ಲ. ಜೂನ್ ಬಂದರೆ ಕಡಲು ಕೊರೆಯುತ್ತದೆ, ಶಿರಿಯಾ, ಚಂದ್ರಗಿರಿ ಹೊಳೆಗಳು ತುಂಬುತ್ತವೆ, ಗುಡ್ಡ ಜಾರುತ್ತದೆ. ಮೇ ತಿಂಗಳ ಸಿಡಿಲು ಇನ್ನೊಂದು. ಕೇರಳದಲ್ಲಿ ಸಿಡಿಲು, ಕಡಲ್ಕೊರೆತ, ಬಿರುಗಾಳಿ ಕೂಡ ರಾಜ್ಯದ ವಿಪತ್ತಿನ ಪಟ್ಟಿಯಲ್ಲಿವೆ. ಅಂದರೆ ನೆರೆಗೆ ಸಿಗುವ ಹಾಗೆ ಇದಕ್ಕೂ ಪರಿಹಾರವಿದೆ.

ಮನೆ ಬಿದ್ದರೆ ಮಣ್ಣು ತೆಗೆಯುವ ಮೊದಲು ಫೋಟೋ ತೆಗೆಯಿರಿ. ಒಳಗಿಂದ, ಹೊರಗಿಂದ, ಮನೆ ನಂಬರ್ ಕಾಣುವ ಹಾಗೆ. ಅದೇ ದಿನ ವಿಲ್ಲೇಜ್ ಆಫೀಸಿಗೆ ಹೇಳಿ, ಬರಹದಲ್ಲೂ ಕೊಡಿ. ಫೋನ್ ಸಿಗದಿದ್ದರೆ 1077, ಜಿಲ್ಲಾ ನಿಯಂತ್ರಣ ಕೊಠಡಿ. ಎಷ್ಟು ಪಾಲು ಹಾನಿ ಎಂದು ಪಂಚಾಯತ್ ಎಂಜಿನಿಯರಿಂಗ್ ವಿಭಾಗದವರು ಬಂದು ಬರೆಯುತ್ತಾರೆ. ಆ ಅಂಕಿಯ ಮೇಲೆಯೇ ಹಣ ನಿಂತಿದೆ. ಅವರು ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇದ್ದು ಹಿಂಬದಿಯ ಗೋಡೆಯ ಬಿರುಕನ್ನೂ ತೋರಿಸಿ.

2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಸಾವಿಗೆ ₹4 ಲಕ್ಷ. ಗಾಯಗೊಂಡು ಒಂದು ವಾರಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿದ್ದರೆ ₹16,000, ಕಡಿಮೆಯಾದರೆ ₹5,400. ಶೇ. 60ಕ್ಕಿಂತ ಜಾಸ್ತಿ ಅಂಗವೈಕಲ್ಯಕ್ಕೆ ₹2.5 ಲಕ್ಷ. ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ ₹1.2 ಲಕ್ಷ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಡಿಸ್ಚಾರ್ಜ್ ಚೀಟಿಯೇ ದಾಖಲೆ. ಸಿಡಿಲಿಗೆ ಸತ್ತವರ ಪೋಸ್ಟ್‌ಮಾರ್ಟಮ್ ಬೇಡವೆಂದು ಮನೆಯವರು ದುಃಖದಲ್ಲಿ ಹೇಳುತ್ತಾರೆ. ಪಕ್ಕದಲ್ಲಿರುವ ಹಿರಿಯರು ಯಾರಾದರೂ ಮೆತ್ತಗೆ ಒಪ್ಪಿಸಬೇಕು. ಆ ವರದಿ ಇಲ್ಲದೆ ₹4 ಲಕ್ಷದ ಅರ್ಜಿ ಮುಂದೆ ಹೋಗುವುದಿಲ್ಲ.

ನೆರೆ ನೀರಿಗಿಳಿದು ಕೆಲಸ ಮಾಡಿದವರು, ಮನೆ ತೊಳೆದವರು ಇಲಿಜ್ವರ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ, ಉಚಿತ. ಇಲಿಜ್ವರಕ್ಕೆ ಐಸಿಯು ಸೇರಿದರೆ ಬರುವ ಬಿಲ್ಲಿನ ಮುಂದೆ ಈ ಮಾತ್ರೆ ಏನೂ ಅಲ್ಲ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಹೆಚ್ಚಿನ ಸಲ ಯಾವುದೋ ಒಂದು ಕಾಗದದ ಕೊರತೆ, ಅದನ್ನು ಸರಿಮಾಡಿ ಮತ್ತೆ ಹಾಕಬಹುದು. ವಿಲ್ಲೇಜ್ ಆಫೀಸಿನಲ್ಲಿ ಕೆಲಸವಾಗದಿದ್ದರೆ ತಹಶೀಲ್ದಾರ್, ಅಲ್ಲೂ ಆಗದಿದ್ದರೆ ಜಿಲ್ಲಾಧಿಕಾರಿಗಳಿಗೆ ದೂರು ಕೊಡಿ. ಹಕ್ಕಿನ ಪರಿಹಾರ ತಡೆದಿಟ್ಟಿದ್ದಾರೆ ಅನಿಸಿದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ವಿಪತ್ತಿನಲ್ಲಿ ನಷ್ಟವಾದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಹೋಗುವಾಗ ಆ ಪ್ಲಾಸ್ಟಿಕ್ ಫೈಲ್, ಅರ್ಜಿಯ ರಸೀದಿ ನಂಬರ್ ಎರಡೂ ಜೊತೆಗಿರಲಿ.